ಬೈಕಿನ ಸ್ಯಾಡಲ್ ಬ್ಯಾಗ್: ಬೀಗಕ್ಕಿಂತ ಮೊದಲು ಬಿಗಿ – ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕಿನಲ್ಲಿ ದೂರದ ಊರಿಗೆ ಹೊರಡುವವರು ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಕಟ್ಟುವ ಸ್ಯಾಡಲ್ ಬ್ಯಾಗ್ ಬಗ್ಗೆ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಬೀಗದ್ದು. ಯಾವ ಲಾಕ್ ಒಳ್ಳೆಯದು, ಕೇಬಲ್ ಎಷ್ಟು ದಪ್ಪ ಇರಬೇಕು ಅಂತ. ಆದರೆ ಇಷ್ಟು ವರ್ಷ ಬ್ಯಾಗ್ ಕಟ್ಟಿಕೊಂಡು ಓಡಾಡಿ ನಾನು ಕಂಡಿದ್ದೇ ಬೇರೆ. ಕಳ್ಳರ ಪಾಲಾದ ಬ್ಯಾಗುಗಳು ಕಡಿಮೆ. ಸಡಿಲವಾಗಿ ರಸ್ತೆಗೆ ಬಿದ್ದವು, ಚಕ್ರಕ್ಕೆ ಸಿಕ್ಕಿ ಹರಿದವು, ಸೈಲೆನ್ಸರಿಗೆ ತಾಗಿ ಸುಟ್ಟವು ಜಾಸ್ತಿ. ಅದಕ್ಕೇ ಇಲ್ಲಿ ಮೊದಲು ಬಿಗಿಯ ಮಾತು, ಆಮೇಲೆ ಬೀಗದ ಮಾತು. ನಾನು ಓಡಿಸುವುದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಹಾಗಾಗಿ ಉದಾಹರಣೆಗಳೂ ಹೆಚ್ಚಾಗಿ ಅದರದ್ದೇ.

ಸ್ಯಾಡಲ್ ಬ್ಯಾಗುಗಳಲ್ಲಿ ಎಷ್ಟು ಬಗೆ?

ಮುಖ್ಯವಾಗಿ ಮೂರು. ಸೀಟಿನ ಮೇಲೆ ಎರಡೂ ಕಡೆ ಜೋಲಿಯ ಹಾಗೆ ಇಳಿಬಿಡುವ ಬಟ್ಟೆಯ ಬ್ಯಾಗ್ ಒಂದು. ಬೈಕಿನ ಪಕ್ಕದ ಕಂಬಿಗೆ ಕಟ್ಟುವ, ಬಾಯಿ ಸುತ್ತಿ ಮುಚ್ಚುವ ವಾಟರ್‌ಪ್ರೂಫ್ ಬ್ಯಾಗ್ ಇನ್ನೊಂದು. ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ಕಿನ ಗಟ್ಟಿ ಬಾಕ್ಸ್ ಮೂರನೆಯದು. ನಮ್ಮಲ್ಲಿ ಹೆಚ್ಚು ಓಡುವುದು ಮೊದಲನೆಯದು. ಹೆಚ್ಚು ಬೀಳುವುದೂ ಅದೇ.

ಸ್ಯಾಡಲ್ ಸ್ಟೇ ಹಾಕಿಸಲೇಬೇಕಾ?

ಹೌದು, ಹಾಕಿಸಿ. ಬ್ಯಾಗಿಗೆ ಎರಡು ಸಾವಿರ ಕಡಿಮೆ ಖರ್ಚು ಮಾಡಿದರೂ ಪರವಾಗಿಲ್ಲ, ಸ್ಟೇ ಬಿಡಬೇಡಿ. ಬ್ಯಾಗ್ ಒಳಗಡೆಗೆ ಸರಿಯದಂತೆ ತಡೆಯುವ ಕಬ್ಬಿಣದ ಚೌಕಟ್ಟು ಅದು.

ಎಡಗಡೆ ಸೀರೆ ಗಾರ್ಡ್ ಇದೆಯಲ್ವಾ ಅಂತ ಕೇಳಬಹುದು. ಇದ್ದರೆ ಒಳ್ಳೆಯದೇ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಸಿಕ್ಕದಂತೆ ಹಿಂಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ಗಾರ್ಡ್ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಅಂದಕ್ಕೆ ಅಂತ ಆ ಗಾರ್ಡನ್ನು ಕಿತ್ತು ಮನೆಯ ಅಟ್ಟಕ್ಕೆ ಎಸೆದವರು ಬಹಳ ಜನ. ಅವರ ಬೈಕಿನಲ್ಲಿ ಬ್ಯಾಗಿಗೂ ಚಕ್ರಕ್ಕೂ ಮಧ್ಯೆ ಗಾಳಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಹಳ್ಳದಲ್ಲಿ ಒಂದು ಸಲ ಹಾರಿದರೆ ಬ್ಯಾಗಿನ ಮೂಲೆ ಚೈನು ಅಥವಾ ಟೈರಿಗೆ ಸಿಗುತ್ತದೆ. ಓಡುವಾಗ ಹಿಂದಿನ ಚಕ್ರ ಹಿಡಿದುಕೊಂಡರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ನಿಮ್ಮ ಬೈಕಿಗೆ ತಕ್ಕ ಸ್ಟೇ ಕಂಪನಿಯದ್ದೇ ಸಿಗಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೊರಗಿನದ್ದೂ ಸಿಗುತ್ತದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲೂ ಮಾಡಿಸಬಹುದು. ಆದರೆ ಸ್ಟೇಯನ್ನು ಫ್ರೇಮಿಗೆ ವೆಲ್ಡ್ ಮಾಡಿಸಬೇಡಿ, ಬೋಲ್ಟ್ ಹಾಕಿಸಿ. ಕಾಯಿಸಿದ ಜಾಗದಲ್ಲಿ ಫ್ರೇಮ್ ಬಲ ಕಳೆದುಕೊಳ್ಳುತ್ತದೆ.

ಬಟ್ಟೆಯ ಬ್ಯಾಗನ್ನು ಕಟ್ಟುವ ಸರಿಯಾದ ರೀತಿ ಯಾವುದು?

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ಬ್ಯಾಗ್ ಖಾಲಿ ಇರಲಿ. ಹಿಂದಿನ ಸೀಟು ಬಿಚ್ಚಿ. ಎರಡು ಬ್ಯಾಗನ್ನು ಜೋಡಿಸುವ ಅಗಲ ಪಟ್ಟಿಗಳನ್ನು ಸೀಟಿನ ಮೇಲೆ ಹಾಕುವ ಬದಲು ಸೀಟಿನ ಕೆಳಗೆ ಹಾಯಿಸಿ. ಅಲ್ಲಿ ವೈರು ಇದ್ದರೆ ಪಟ್ಟಿ ಅದರ ಮೇಲೆ ಒತ್ತದ ಹಾಗೆ ನೋಡಿಕೊಳ್ಳಿ. ಮತ್ತೆ ಸೀಟು ಕೂರಿಸಿ ಬೋಲ್ಟ್ ಬಿಗಿಯಿರಿ. ಈಗ ಪಟ್ಟಿ ಹಿಂದೆ ಮುಂದೆ ಜಾರುವುದಿಲ್ಲ. ಇನ್ನೊಂದು ಲಾಭ ಇದೆ. ಬ್ಯಾಗನ್ನು ಇಡಿಯಾಗಿ ಎತ್ತಿಕೊಂಡು ಹೋಗಬೇಕಾದರೆ ಯಾರಾದರೂ ಸೀಟು ಬಿಚ್ಚಬೇಕು, ಇಲ್ಲವೇ ಪಟ್ಟಿ ಕೊಯ್ಯಬೇಕು. ಕಳ್ಳತನಕ್ಕೆ ಮೊದಲ ಅಡ್ಡಿ ಇಲ್ಲೇ ಬಿತ್ತು, ಒಂದು ರೂಪಾಯಿ ಖರ್ಚಿಲ್ಲದೆ.

ಆಮೇಲೆ ಎರಡೂ ಕಡೆ ಮುಂದಿನ ಪಟ್ಟಿಯನ್ನು ಹಿಂಬದಿ ಫುಟ್‌ರೆಸ್ಟ್ ಕೂತಿರುವ ಬ್ರಾಕೆಟ್ಟಿಗೆ ಹಾಕಿ. ಮಡಚುವ ಫುಟ್‌ರೆಸ್ಟಿಗೆ ಬೇಡ, ಅದನ್ನು ಹಿಡಿದಿರುವ ಬ್ರಾಕೆಟ್ಟಿಗೆ. ಹಿಂದಿನ ಪಟ್ಟಿಯನ್ನು ಸ್ಟೇಯ ಹಿಂದಿನ ಕಂಬಿಗೆ ಸುತ್ತಿ. ಹೀಗೆ ಮೇಲೆ, ಮುಂದೆ, ಹಿಂದೆ ಅಂತ ಮೂರು ಕಡೆಯಿಂದ ಹಿಡಿತ ಸಿಗಬೇಕು. ಬರೀ ಮೇಲಿನಿಂದ ನೇತಾಡುವ ಬ್ಯಾಗ್ ತಿರುವಿನಲ್ಲಿ ತೊಟ್ಟಿಲಿನ ಹಾಗೆ ತೂಗುತ್ತದೆ.

ಎಲ್ಲಿ ಕಟ್ಟಬಾರದು ಅನ್ನುವುದೂ ಅಷ್ಟೇ ಮುಖ್ಯ. ಇಂಡಿಕೇಟರ್ ದಂಡಿಗೆ ಬೇಡ, ಮುರಿಯುತ್ತದೆ. ನಂಬರ್ ಪ್ಲೇಟಿಗೆ ಬೇಡ. ಬ್ರೇಕ್ ಪೈಪಿನ ಹತ್ತಿರವೂ ಬೇಡ. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೆ ಅಂತೂ ಬೇಡವೇ ಬೇಡ. ಅದು ಚಕ್ರದ ಜತೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಬ್ಯಾಗ್ ಇರುವುದು ಆಡದ ಫ್ರೇಮಿನ ಮೇಲೆ. ಒಂದು ತುದಿ ಆಡುವ ಜಾಗದಲ್ಲಿ, ಇನ್ನೊಂದು ಆಡದ ಜಾಗದಲ್ಲಿ ಇದ್ದರೆ ಪಟ್ಟಿ ಪ್ರತಿ ಹಳ್ಳಕ್ಕೂ ಒಂದಿಷ್ಟು ಸಡಿಲವಾಗುತ್ತಾ ಹೋಗುತ್ತದೆ.

ಸಾಮಾನು ತುಂಬಿದ ಮೇಲೆ ಇನ್ನೊಮ್ಮೆ ಬಿಗಿಯಿರಿ. ಬ್ಯಾಗಿನ ಕೆಳಮೂಲೆ ಹಿಡಿದು ಜೋರಾಗಿ ಎಳೆದು ನೋಡಿ. ಬ್ಯಾಗಿನ ಜತೆ ಇಡೀ ಬೈಕ್ ಅಲುಗಾಡಿದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಒಬ್ಬರನ್ನು ಹಿಂದೆ ಕೂರಿಸಿ, ಬ್ಯಾಗಿಗೂ ಟೈರಿಗೂ ಎಷ್ಟು ಸಂದಿ ಉಳಿಯಿತು ಅಂತ ಬಗ್ಗಿ ನೋಡಿ. ಭಾರ ಬಿದ್ದಾಗ ಶಾಕ್ ಅಬ್ಸಾರ್ಬರ್ ಕುಸಿಯುತ್ತದೆ, ಸಂದಿ ಕಡಿಮೆಯಾಗುತ್ತದೆ. 2021ರ ನಂತರದ ಕ್ಲಾಸಿಕ್ 350ರಲ್ಲಿ ಹಿಂದಿನ ಸ್ಪ್ರಿಂಗಿನ ಬಿಗಿತಕ್ಕೆ 6 ಹಂತ ಇದೆ. ಭಾರ ಹೇರಿದಾಗ ಎರಡು ಹಂತವಾದರೂ ಏರಿಸಿ. ಎರಡೂ ಕಡೆ ಒಂದೇ ಹಂತದಲ್ಲಿರಲಿ.

ಮಿಕ್ಕ ಪಟ್ಟಿಯ ಬಾಲವನ್ನು ಏನು ಮಾಡುವುದು?

ಸುಮ್ನೆ ಒಳಗೆ ತುರುಕಬೇಡಿ, ಗಾಳಿಗೆ ಹೊರಗೆ ಬರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಹಳೆಯ ಸೈಕಲ್ ಟ್ಯೂಬ್ ಕೇಳಿ. ಅದನ್ನು ಒಂದು ಬೆರಳಗಲಕ್ಕೆ ಬಳೆಯ ಹಾಗೆ ಕತ್ತರಿಸಿ. ಒಂದು ಟ್ಯೂಬಿಗೆ ಬೇಕಾದಷ್ಟು ಬಳೆ ಬರುತ್ತವೆ. ಬಾಲವನ್ನು ಚಾಪೆ ಸುತ್ತಿದ ಹಾಗೆ ಬಕಲ್ ತನಕ ಸುತ್ತಿ, ಮೇಲೆ ಈ ಬಳೆ ಏರಿಸಿ. ಬಿಸಿಲಿಗೂ ತಡೆಯುತ್ತದೆ, ಮಳೆಗೂ ತಡೆಯುತ್ತದೆ. ನನ್ನ ಟೂಲ್ ಕಿಟ್ಟಿನಲ್ಲಿ ಯಾವಾಗಲೂ ಹತ್ತು ಬಳೆ ಇರುತ್ತವೆ.

ಬಂಜಿ ಹಗ್ಗ ಸಾಕಲ್ವಾ? ಎಲ್ಲರೂ ಅದನ್ನೇ ಹಾಕುತ್ತಾರೆ.

ಸ್ಯಾಡಲ್ ಬ್ಯಾಗಿಗೆ ಸಾಲದು. ಎಲಾಸ್ಟಿಕ್ಕಿನ ಗುಣವೇ ಎಳೆದರೆ ಬರುವುದು. ಭಾರದ ಬ್ಯಾಗ್ ಹಾರಿದರೆ ಹಗ್ಗವೂ ಅದರ ಜತೆ ಹಿಗ್ಗುತ್ತದೆ. ಬಿಸಿಲಲ್ಲಿ ಒಂದು ವರ್ಷ ಇದ್ದರೆ ಒಳಗಿನ ರಬ್ಬರ್ ಸತ್ತುಹೋಗಿರುತ್ತದೆ, ಹೊರಗಿನ ನೂಲು ಮಾತ್ರ ಚೆನ್ನಾಗಿ ಕಾಣುತ್ತದೆ. ಕೊಕ್ಕೆ ಕಳಚಿಕೊಂಡರೆ ನೇರ ಮುಖಕ್ಕೆ ಹೊಡೆಯುತ್ತದೆ. ಬಿಗಿಯುವಾಗ ಹೆಲ್ಮೆಟ್ ಗ್ಲಾಸ್ ಇಳಿಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕಣ್ಣು ಹೋದರೆ ಬರುವುದಿಲ್ಲ. ಸೀಟಿನ ಮೇಲೆ ರೇನ್‌ಕೋಟ್ ಸಿಕ್ಕಿಸಲು ಬಂಜಿ ಬಲೆ ಒಳ್ಳೆಯದು. ಅಷ್ಟಕ್ಕೇ ಇಟ್ಟುಕೊಳ್ಳಿ. ಬ್ಯಾಗ್ ಹಿಡಿಯಲು ಹಿಗ್ಗದ ಪಟ್ಟಿ, ಲೋಹದ ಬಕಲ್ ಬೇಕು.

ಸೈಲೆನ್ಸರಿನಿಂದ ಎಷ್ಟು ದೂರ ಇರಬೇಕು?

ನಿಮ್ಮ ಅಂಗೈ ಅಡ್ಡವಾಗಿ ಆರಾಮಾಗಿ ತೂರುವಷ್ಟು. ಭಾರ ಹಾಕಿ, ಹಿಂದೆ ಜನ ಕೂತ ಮೇಲೂ ಅಷ್ಟು ಜಾಗ ಉಳಿಯಬೇಕು.

ಕ್ಲಾಸಿಕ್ಕಿನಲ್ಲಿ, ಅದೇ ಕಂಪನಿಯ ಹಿಮಾಲಯನ್ ಬೈಕಿನಲ್ಲಿ ಸೈಲೆನ್ಸರ್ ಬಲಗಡೆ ಮಾತ್ರ. ಇಂಟರ್‌ಸೆಪ್ಟರ್ 650ರಲ್ಲಿ ಎರಡೂ ಕಡೆ. ಹಾಗಾಗಿ ಅದರವರು ಎರಡೂ ಕಡೆ ಎಚ್ಚರ ಇರಬೇಕು. ಅಗ್ಗದ ಪಾಲಿಪ್ರೊಪಿಲೀನ್ ಪಟ್ಟಿ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ನೈಲಾನ್ ಕರಗಲು 220 ಡಿಗ್ರಿಯ ಹತ್ತಿರ ಬೇಕು. ಅಂಗಡಿಯಲ್ಲಿ ಎರಡೂ ಒಂದೇ ಥರ ಕಪ್ಪಗೆ ಕಾಣುತ್ತವೆ. ಮುಟ್ಟಿದರೆ ಮೆದುವಾಗಿ ನುಣ್ಣಗಿರುವುದು ನೈಲಾನ್, ಒರಟಾಗಿ ಹುಲ್ಲಿನ ಹಗ್ಗದ ಹಾಗೆ ಇರುವುದು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್.

ಒಂದು ಸಲ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ಎರಡನೇ ಗೇರು, ನಿಧಾನ, ಮುಂದೆ ಒಂದರ ಹಿಂದೆ ಒಂದು ಗಾಡಿ. ಗಾಳಿ ಇಲ್ಲ, ಸೈಲೆನ್ಸರ್ ಕಾದಿದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಮುಂದಿನ ಲಾರಿಯ ಕ್ಲಚ್ ಇರಬೇಕು ಅಂದುಕೊಂಡು ಹಾಗೇ ಹೋದೆ. ಕೊಟ್ಟಿಗೆಹಾರದಲ್ಲಿ ಟೀ ಕುಡಿಯಲು ನಿಲ್ಲಿಸಿ ನೋಡಿದರೆ ಬಲಗಡೆಯ ಕೆಳಪಟ್ಟಿ ಇರಲೇ ಇಲ್ಲ. ಸೈಲೆನ್ಸರ್ ಮೇಲೆ ಕಪ್ಪು ಜೇನಿನ ಹಾಗೆ ಮೆತ್ತಿಕೊಂಡಿತ್ತು. ಬ್ಯಾಗಿನ ತಳದಲ್ಲಿ ಅಂಗೈಯಗಲದ ತೂತು, ಅದರೊಳಗೆ ಟವೆಲ್ಲಿನ ಅಂಚು ಕಂದಾಗಿತ್ತು. ಅದೇ ಬ್ಯಾಗಿನಲ್ಲಿ ಚೈನಿಗೆ ಹೊಡೆಯುವ ಸ್ಪ್ರೇ ಡಬ್ಬಿ ಇತ್ತು. ಅದು ನೆನಪಾದರೆ ಈಗಲೂ ಮೈ ಜುಂ ಅನ್ನುತ್ತದೆ. ಅವತ್ತಿನಿಂದ ಸ್ಪ್ರೇ ಡಬ್ಬಿ, ಪೆಟ್ರೋಲ್ ಬಾಟಲಿ, ಪವರ್ ಬ್ಯಾಂಕ್ ಯಾವುದೂ ಬಲಗಡೆ ಇಡುವುದಿಲ್ಲ. ನೀವೂ ಇಡಬೇಡಿ. ವಾಸನೆ ಬಂದರೆ ಯಾರದ್ದು ಅಂತ ಯೋಚಿಸದೆ ಗಾಡಿ ಪಕ್ಕಕ್ಕೆ ಹಾಕಿ.

ಸೈಲೆನ್ಸರಿಗೆ ಹೀಟ್ ಶೀಲ್ಡ್ ಸಿಗುತ್ತದೆ. ಹಾಕಿಸಿಕೊಳ್ಳಿ. ಆದರೆ ಶೀಲ್ಡ್ ಇದೆ ಅಂತ ಬ್ಯಾಗನ್ನು ಅದಕ್ಕೇ ಒರಗಿಸಬೇಡಿ.

ಎಷ್ಟು ಭಾರ ಹಾಕಬಹುದು?

ಬ್ಯಾಗಿನ ಮೇಲೆ ಬರೆದಿರುವ ಲೀಟರ್ ಲೆಕ್ಕ ನೋಡಿ ತುಂಬಬೇಡಿ. ಬೈಕಿನ ಕೈಪಿಡಿಯಲ್ಲಿ ಒಟ್ಟು ಭಾರದ ಮಿತಿ ಇರುತ್ತದೆ. ಅದರಲ್ಲಿ ಬೈಕು, ನೀವು, ಹಿಂದೆ ಕೂತವರು, ಬ್ಯಾಗು ಎಲ್ಲ ಸೇರಬೇಕು. ಕ್ಲಾಸಿಕ್ 350ರ ತೂಕವೇ 195 ಕೆ.ಜಿ. ಬಟ್ಟೆಯ ಬ್ಯಾಗಿಗೆ ಒಂದು ಬದಿಗೆ 6–7 ಕೆ.ಜಿ. ದಾಟಿಸಬಾರದು ಅನ್ನುವುದು ನನ್ನ ಅನುಭವ. ಅಡುಗೆಮನೆಯ ತೂಕದ ಕೊಕ್ಕೆಯಲ್ಲಿ ಎರಡೂ ಬ್ಯಾಗ್ ತೂಗಿ ನೋಡಿ. ಅರ್ಧ ಕೆ.ಜಿ. ಹೆಚ್ಚು ಕಡಿಮೆ ಪರವಾಗಿಲ್ಲ. ಎರಡು ಕೆ.ಜಿ. ವ್ಯತ್ಯಾಸ ಇದ್ದರೆ ಭಾರದ ಕಡೆಗೆ ಇಡೀ ಜೋಡಿ ಜಾರುತ್ತದೆ. ಟೂಲ್ಸು, ನೀರು, ಶೂಗಳು ತಳದಲ್ಲಿ ಮುಂದಕ್ಕೆ ಇರಲಿ. ಬಟ್ಟೆ ಮೇಲೆ. ಟೈರಿನ ಗಾಳಿಯನ್ನು ಇಬ್ಬರು ಕೂರುವ ಲೆಕ್ಕಕ್ಕೆ ಹಾಕಿಸಿ.

ದಾರಿಯಲ್ಲಿ ಎಷ್ಟು ಸಲ ನಿಲ್ಲಿಸಿ ನೋಡಬೇಕು?

ಹೊರಟ 20 ಕಿ.ಮೀ.ಗೆ ಒಂದು ಸಲ, ತಪ್ಪದೆ. ಬಟ್ಟೆಗಳು ಕುಲುಕಿ ಕೂರುತ್ತವೆ, ಬ್ಯಾಗ್ ಸೊರಗುತ್ತದೆ, ಪಟ್ಟಿ ಸಡಿಲವಾಗುತ್ತದೆ. ಮೊದಲ ಬಿಗಿತ ಸಡಿಲವಾಗುವುದು ಈ ದೂರದಲ್ಲೇ. ಆಮೇಲೆ ನಿಂತ ಕಡೆಯೆಲ್ಲ ಒಂದು ಸುತ್ತು ಹಾಕಿ ಎರಡೂ ಬ್ಯಾಗ್ ಎಳೆದು ನೋಡಿ.

ರಸ್ತೆ ನೋಡಿಯೂ ನಿರ್ಧರಿಸಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ನಾವು ಹೋಗಬೇಕಾದ್ದು ಸರ್ವಿಸ್ ರಸ್ತೆಯಲ್ಲಿ. ಅಲ್ಲಿನ ಹಂಪುಗಳು ಬ್ಯಾಗಿಗೆ ಒಳ್ಳೆಯ ಪರೀಕ್ಷೆ. ಆ ದಾರಿಯಲ್ಲಿ ಹೋದರೆ ಬಿಡದಿಯಲ್ಲಿ ಒಂದು ಸಲ, ಮದ್ದೂರಿನಲ್ಲಿ ಇನ್ನೊಂದು ಸಲ ನೋಡಿಕೊಳ್ಳಿ. ಹೇಗೂ ತಿಂಡಿಗೆ ನಿಲ್ಲಿಸುತ್ತೀರಲ್ಲ.

ಜತೆಯಲ್ಲಿ ಇನ್ನೊಂದು ಬೈಕ್ ಇದ್ದರೆ ಹಿಂದಿನವರಿಗೆ ಕೆಲಸ ಕೊಡಿ: ಮುಂದಿನ ಬೈಕಿನ ಬ್ಯಾಗ್ ವಾಲಿದರೆ ಎರಡು ಸಲ ಹಾರ್ನ್. ಒಮ್ಮೆ ಕುಣಿಗಲ್ ದಾಟಿದ ಮೇಲೆ ನನ್ನ ಎಡಗಡೆಯ ಬ್ಯಾಗ್ ಬಿದ್ದಿದ್ದು ನನಗೆ ಗೊತ್ತೇ ಆಗಲಿಲ್ಲ. ಹಿಂದಿನಿಂದ ಹಾಲಿನ ವ್ಯಾನಿನವರು ಲೈಟ್ ಹೊಡೆಯುತ್ತಾ ಬಂದು, "ಸಾರ್, ನಿಮ್ ಬ್ಯಾಗು ಹಿಂದೆ ಬಿತ್ತು, ಹೋಗಿ ಹೋಗಿ" ಅಂದರು. ಒಂದು ಕಿಲೋಮೀಟರ್ ವಾಪಸ್ ಹೋದೆ. ರಸ್ತೆ ಮಧ್ಯೆ ಬಿದ್ದಿದ್ದನ್ನು ಯಾರೋ ಎತ್ತಿ ಅಂಚಿಗೆ ಇಟ್ಟಿದ್ದರು. ಹಿಂದೆ ಬರುತ್ತಿದ್ದ ಇನ್ನೊಂದು ಬೈಕು ಅದರ ಮೇಲೆ ಹತ್ತಿದ್ದರೆ? ಬಿದ್ದ ಬ್ಯಾಗ್ ನಮ್ಮ ನಷ್ಟ ಮಾತ್ರ ಅಲ್ಲ.

ಸ್ಟೇ, ಬಾಕ್ಸಿನ ಬೋಲ್ಟುಗಳು ಪದೇ ಪದೇ ಸಡಿಲವಾಗುತ್ತವೆ. ಏನು ಮಾಡಲಿ?

ಎನ್‌ಫೀಲ್ಡಿನ ನಡುಕಕ್ಕೆ ಇದು ಸಹಜ. ಮಾಮೂಲಿ ನಟ್ ತೆಗೆದು, ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ ಹಾಕಿಸಿ. ನಟ್ ಇಲ್ಲದೆ ನೇರ ಫ್ರೇಮಿಗೆ ಹೋಗುವ ಬೋಲ್ಟಿಗೆ, ಅದು ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಬಣ್ಣದ ಲಾಕ್‌ಟೈಟ್ ಒಂದು ಹನಿ ಸಾಕು. ಕೆಂಪು ಹಾಕಬೇಡಿ, ಮುಂದೆ ಬಿಚ್ಚಲು ಕಾಯಿಸಬೇಕಾಗುತ್ತದೆ. ಬಿಗಿದ ಮೇಲೆ ನಟ್ಟಿನಿಂದ ಬ್ರಾಕೆಟ್ಟಿನ ತನಕ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಅಂತ ಕಣ್ಣಿಗೇ ಕಾಣುತ್ತದೆ.

ಮಳೆಗಾಲದಲ್ಲಿ ಬೇರೆ ಏನಾದರೂ?

ನೈಲಾನ್ ಪಟ್ಟಿ ನೀರು ಕುಡಿದರೆ ಸ್ವಲ್ಪ ಉದ್ದವಾಗುತ್ತದೆ. ಮಳೆ ಶುರುವಾದ ಅರ್ಧ ಗಂಟೆಗೆ ಇನ್ನೊಮ್ಮೆ ಬಿಗಿಯಿರಿ. ಬ್ಯಾಗಿನ ಜತೆ ಕೊಡುವ ರೇನ್ ಕವರ್ ನನಗೆ ಇಷ್ಟವಿಲ್ಲ. ಗಾಳಿ ತುಂಬಿ ಬಲೂನ್ ಆಗುತ್ತದೆ, ಕಳಚಿದರೆ ಚಕ್ರಕ್ಕೇ ಹೋಗುತ್ತದೆ. ಬಟ್ಟೆಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬ್ಯಾಗಿನ ಒಳಗೆ ಇಡಿ. ಮಲೆನಾಡಿನಲ್ಲಿ ಅಂಗಡಿ ಅಂಗಡಿಗೂ ಸಿಗುತ್ತದೆ.

ಸರಿ, ಕಳ್ಳತನಕ್ಕೆ ಬರೋಣ. ಕಳ್ಳರು ಏನನ್ನು ಒಯ್ಯುತ್ತಾರೆ?

ಕೈಗೆ ಸಿಕ್ಕಿದ್ದನ್ನು. ಹತ್ತು ಸೆಕೆಂಡಿನಲ್ಲಿ ಎತ್ತಬಹುದಾದ್ದನ್ನು. ಹೊರಗಿನ ಜೇಬಿನ ಕನ್ನಡಕ, ಚಾರ್ಜರ್, ಗ್ಲೌಸ್, ಬಂಜಿ ಕೆಳಗಿನ ರೇನ್‌ಕೋಟು, ಕನ್ನಡಿಗೆ ನೇತುಹಾಕಿದ ಹೆಲ್ಮೆಟ್ಟು. ಕಟ್ಟರ್ ಹಿಡಿದುಕೊಂಡು ಬಂದು ಬ್ಯಾಗ್ ಕೊಯ್ಯುವವರು ಅಪರೂಪ. ನನಗೆ ಆದದ್ದೂ ಹಾಗೇ. ಹಾಸನದ ಹತ್ತಿರ ಹೆದ್ದಾರಿ ಪಕ್ಕದ ಒಂದು ಹೋಟೆಲಿನಲ್ಲಿ ದೋಸೆ ತಿಂದು ಬರುವಷ್ಟರಲ್ಲಿ ಹೊರಜೇಬಿನ ಟೂಲ್ ಕಿಟ್ ಹೋಗಿತ್ತು. ಕಳೆದದ್ದು ಎಂಟುನೂರು ರೂಪಾಯಿಯ ಸಾಮಾನು. ಆದರೆ ಅವತ್ತೇ ಸಂಜೆ ಕ್ಲಚ್ ಕೇಬಲ್ ಸರಿಮಾಡಲು ಸ್ಪ್ಯಾನರ್ ಇಲ್ಲದೆ ಎರಡು ಗಂಟೆ ಕತ್ತಲಲ್ಲಿ ನಿಂತೆ.

ಹಾಗಾಗಿ ಹೊರಜೇಬು ಖಾಲಿ ಇರಲಿ. ಬೇಕಿದ್ದರೆ ಒರೆಸುವ ಬಟ್ಟೆ, ನೀರಿನ ಬಾಟಲಿ.

ಜಿಪ್ಪಿಗೆ ಪುಟ್ಟ ಬೀಗ ಹಾಕಿದರೆ ಸಾಕಾ?

ಸಾಲದು, ಆದರೂ ಹಾಕಿ. ಪ್ಲಾಸ್ಟಿಕ್ ಹಲ್ಲಿನ ಸುರುಳಿ ಜಿಪ್ಪನ್ನು ಬಾಲ್ ಪೆನ್ನಿನ ಮೊನೆ ಚುಚ್ಚಿ ತೆರೆಯಬಹುದು. ಆಮೇಲೆ ಬೀಗ ಹಾಕಿದ ಎರಡೂ ಎಳೆತುದಿಗಳನ್ನು ಒಟ್ಟಿಗೆ ಆ ಕಡೆಯಿಂದ ಈ ಕಡೆಗೆ ಎಳೆದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ. ಅದಕ್ಕೆ ಎರಡು ಎಳೆತುದಿಗಳನ್ನು ಒಂದಕ್ಕೊಂದು ಸೇರಿಸಿದರಷ್ಟೇ ಸಾಲದು. ಬ್ಯಾಗಿಗೆ ಹೊಲಿದಿರುವ ಯಾವುದಾದರೂ ಗಟ್ಟಿ ಕೊಂಡಿಗೂ ಸೇರಿಸಿ ಬೀಗ ಹಾಕಿ. ಆಗ ಎಳೆತುದಿ ಓಡುವುದಿಲ್ಲ, ಕಳ್ಳರಿಗೆ ಜಿಪ್ ಮತ್ತೆ ಮುಚ್ಚಲು ಆಗುವುದಿಲ್ಲ.

ಕೆಂಪು ವಜ್ರದ ಗುರುತಿರುವ ಟಿಎಸ್‌ಎ ಬೀಗಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಅದು ಅಮೆರಿಕದ ವಿಮಾನ ನಿಲ್ದಾಣದ ಸಿಬ್ಬಂದಿ ತಮ್ಮ ಬಳಿಯ ಕೀಲಿಯಿಂದ ತೆರೆಯಲಿ ಅಂತ ಮಾಡಿದ್ದು. ಆ ಕೀಲಿಗಳ ಅಚ್ಚು 2015ರಲ್ಲೇ ಇಂಟರ್‌ನೆಟ್ಟಿಗೆ ಬಂದಿದೆ. ಸಾದಾ ಹಿತ್ತಾಳೆ ಬೀಗವೇ ವಾಸಿ. ಬಾಯಿ ಸುತ್ತಿ ಮುಚ್ಚುವ ಬ್ಯಾಗಿಗೆ ಜಿಪ್ಪೇ ಇಲ್ಲ. ಅದರ ಬಕಲ್ ಪಟ್ಟಿಯ ಸುತ್ತ ಕೇಬಲ್ ಬಿಗಿಯಾಗಿ ಹಾಯಿಸಬೇಕು.

ಕೇಬಲ್ ಲಾಕ್ ಹೇಗಿರಬೇಕು, ಎಲ್ಲಿಗೆ ಹಾಕಬೇಕು?

ಒಂದೂವರೆಯಿಂದ ಎರಡು ಮೀಟರ್ ಉದ್ದ, 5 ಮಿ.ಮೀ.ಗಿಂತ ಕಡಿಮೆ ಇಲ್ಲದ ಸ್ಟೀಲ್ ತಂತಿ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಚೌಕಟ್ಟು ಗೀಚುವುದಿಲ್ಲ. ಇದನ್ನೂ ಕತ್ತರಿಸಬಹುದು, ನಿಜ. ಆದರೆ ಅಡುಗೆಮನೆಯ ಕತ್ತರಿಯಿಂದ ಆಗುವುದಿಲ್ಲ. ಉಪಕರಣ ತರಬೇಕು, ಜನರ ಕಣ್ಣೆದುರು ಕೂತು ಕೆಲಸ ಮಾಡಬೇಕು. ನಮಗೆ ಬೇಕಾಗಿರುವುದು ಅಷ್ಟೇ ತಡ.

ಹಾಯಿಸುವ ದಾರಿ ಹೀಗೆ: ಎಡ ಬ್ಯಾಗಿನ ಹೊಲಿದ ಹಿಡಿಕೆ, ಫ್ರೇಮಿನ ಕೊಳವೆ, ಬಲ ಬ್ಯಾಗಿನ ಹಿಡಿಕೆ, ಆಮೇಲೆ ಜಾಕೆಟ್ಟಿನ ಒಂದು ತೋಳು, ಕೊನೆಗೆ ಹೆಲ್ಮೆಟ್ಟಿನ ಗಲ್ಲದ ಕಡೆಯ ಕಿಂಡಿ. ಹೆಲ್ಮೆಟ್ ಪಟ್ಟಿಗೆ ಹಾಕಿದರೆ ಪಟ್ಟಿ ಕೊಯ್ದು ಒಯ್ಯಬಹುದು, ಇಲ್ಲವೇ ಕೊಯ್ದ ಪಟ್ಟಿಯ ಹೆಲ್ಮೆಟ್ ನಿಮಗೆ ಉಳಿಯುತ್ತದೆ. ಎರಡೂ ಒಂದೇ. ಹಿಂದೆ ಕೂರುವವರು ಹಿಡಿಯುವ ಗ್ರ್ಯಾಬ್ ರೈಲಿಗೆ ಮಾತ್ರ ಬೀಗ ಹಾಕಿ ಬಿಡಬೇಡಿ. ನಾಲ್ಕು ಬೋಲ್ಟ್ ಬಿಚ್ಚಿದರೆ ರೈಲೇ ಕೈಗೆ ಬರುತ್ತದೆ. ಕೇಬಲ್ ಚಕ್ರದೊಳಗೆ ಹಾಯದಿರಲಿ. ಮರೆತು ಗಾಡಿ ತೆಗೆದರೆ ಬೀಳುತ್ತೀರಿ. ನೆನಪಿಗೆ ಒಂದು ಕೆಂಪು ರಿಬ್ಬನ್ ಹ್ಯಾಂಡಲ್ಲಿಗೆ ಕಟ್ಟಿಕೊಳ್ಳಿ.

ಊಟಕ್ಕೆ ನಿಲ್ಲಿಸಿದಾಗ ಏನು ಮಾಡುವುದು?

ಕೂತ ಜಾಗದಿಂದ ಬೈಕ್ ಕಾಣಬೇಕು. ಕಾಣದಿದ್ದರೆ ಬೇರೆ ಹೋಟೆಲ್ ನೋಡಿ. ಬ್ಯಾಗ್ ಇರುವ, ಕಣ್ಣಿಗೆ ಬೀಳದ ಬದಿಯನ್ನು ಗೋಡೆಗೆ ಹತ್ತಿಸಿ ನಿಲ್ಲಿಸಿ. ಬಾಗಿಲ ಹತ್ತಿರದ ಬೀಡಾ ಅಂಗಡಿಯವರಿಗೆ "ಅಣ್ಣಾ, ಸ್ವಲ್ಪ ಗಾಡಿ ಕಡೆ ನೋಡ್ತಿರಿ, ಊಟ ಮಾಡಿ ಬರ್ತೀವಿ" ಅನ್ನಿ. ಹೊರಡುವಾಗ ಅವರ ಹತ್ತಿರವೇ ಒಂದು ಬಾಟಲಿ ನೀರು ತೆಗೆದುಕೊಳ್ಳಿ. ಈ ಒಂದು ಮಾತು ಎಷ್ಟೋ ಬೀಗಗಳಿಗಿಂತ ಹೆಚ್ಚು ಕೆಲಸ ಮಾಡಿದೆ ನನಗೆ.

ರಾತ್ರಿ ಲಾಡ್ಜಿನಲ್ಲಿ ಬ್ಯಾಗ್ ಬೈಕಿನ ಮೇಲೇ ಬಿಡಬಹುದಾ?

ಬೇಡ. ಎಷ್ಟೇ ಸುಸ್ತಾಗಿದ್ದರೂ ಬಿಚ್ಚಿ ರೂಮಿಗೆ ತನ್ನಿ. ಸೀಟಿನ ಕೆಳಗೆ ಕಟ್ಟಿದ್ದನ್ನು ದಿನಾ ಬಿಚ್ಚುವುದು ಕಷ್ಟ, ಒಪ್ಪುತ್ತೇನೆ. ಅದಕ್ಕೆ ಪ್ರತಿ ಬ್ಯಾಗಿನೊಳಗೂ ಒಂದು ಹಗುರ ಒಳಚೀಲ ಇಟ್ಟುಕೊಳ್ಳಿ. ಸಂಜೆ ಎರಡು ಒಳಚೀಲ ಎತ್ತಿಕೊಂಡು ಮೇಲೆ ಹೋದರೆ ಆಯಿತು. ಖಾಲಿ ಬ್ಯಾಗ್ ಕೇಬಲ್ ಸಮೇತ ಕೆಳಗೆ ಇರಲಿ, ಬಾಯಿ ತೆರೆದಿರಲಿ. ಒಳಗೆ ಏನಿಲ್ಲ ಅಂತ ನೋಡಿದವರಿಗೆ ಕಾಣಲಿ.

ದೇವಸ್ಥಾನಕ್ಕೋ ಜಲಪಾತಕ್ಕೋ ಹೋಗುವಾಗ?

ಇದೇ ಕಷ್ಟದ ಜಾಗ. ಎರಡು ಮೂರು ಗಂಟೆ ಬೈಕ್ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಕ್ಷೇತ್ರಗಳಲ್ಲಿ ಕ್ಲೋಕ್ ರೂಮ್ ಕೇಳಿ. ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡುವುದಾದರೆ ಬ್ಯಾಗಿಗೆ ಬೀಗ ಇರಲೇಬೇಕು, ಬೀಗವಿಲ್ಲದ ಸಾಮಾನು ತೆಗೆದುಕೊಳ್ಳುವುದಿಲ್ಲ. ಜಲಪಾತದ ಕಡೆಗೆ ಹೋಗುವುದಾದರೆ ಮೊದಲು ಉಳಿಯುವ ಹೋಂಸ್ಟೇಗೆ ಹೋಗಿ ಬ್ಯಾಗ್ ಇಳಿಸಿ, ಆಮೇಲೆ ಖಾಲಿ ಬೈಕಿನಲ್ಲಿ ಹೋಗಿ. ದಾರಿ ಸ್ವಲ್ಪ ಸುತ್ತಾದರೂ ನಾನು ಯೋಜನೆ ಮಾಡುವುದೇ ಹಾಗೆ.

ಕೋತಿಗಳ ಕಾಟಕ್ಕೆ ಏನು ಮಾಡುವುದು?

ಘಾಟಿಯ ವ್ಯೂ ಪಾಯಿಂಟುಗಳಲ್ಲಿ, ನಂದಿ ಬೆಟ್ಟದಲ್ಲಿ ಇದು ದೊಡ್ಡ ಸಮಸ್ಯೆಯೇ. ಕೋತಿಗೆ ಜಿಪ್ ಎಳೆಯಲು ಬರುತ್ತದೆ. ಬಾರದಿದ್ದರೆ ಬಟ್ಟೆ ಹರಿಯಲು ಬರುತ್ತದೆ. ಬಾಳೆಹಣ್ಣು, ಬಿಸ್ಕತ್ತು, ಚಿಪ್ಸ್ ಯಾವುದೂ ಸ್ಯಾಡಲ್ ಬ್ಯಾಗಿನಲ್ಲಿ ಹಾಗೇ ಬಿಡಿಯಾಗಿ ಬೇಡ. ತಿಂಡಿಯನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ತಳದಲ್ಲಿಡಿ. ಪ್ಲಾಸ್ಟಿಕ್ ಕವರಿನ ಪರಪರ ಸದ್ದಿಗೇ ಅವು ಬರುತ್ತವೆ. ಹಾಗಾಗಿ ಅಲ್ಲಿ ಬ್ಯಾಗ್ ತೆರೆಯಲೇಬೇಡಿ.

ಗಟ್ಟಿ ಬಾಕ್ಸ್ ಹಾಕಿಸಿದರೆ ಈ ತಲೆನೋವೇ ಇಲ್ಲ ಅಲ್ವಾ?

ಕಳ್ಳತನದ ತಲೆನೋವು ಬಹಳ ಕಡಿಮೆಯಾಗುತ್ತದೆ. ಬೀಗ ಬಾಕ್ಸಿನಲ್ಲೇ ಇರುತ್ತದೆ, ಕೊಯ್ಯಲು ಆಗುವುದಿಲ್ಲ. ಬಾಕ್ಸನ್ನು ಹಿಡಿದಿರುವ ರ‍್ಯಾಕಿನ ಬೋಲ್ಟುಗಳು ಹೊರಗೆ ಕಾಣುತ್ತಿದ್ದರೆ ಒಂದೆರಡಕ್ಕಾದರೂ ನಡುವೆ ಮೊಳೆ ಇರುವ ನಕ್ಷತ್ರದ ತಲೆಯ ಬೋಲ್ಟ್ ಹಾಕಿಸಿ. ಮಾಮೂಲಿ ಅಲೆನ್ ಕೀ ಅದಕ್ಕೆ ಕೂರುವುದಿಲ್ಲ.

ಆದರೆ ಬೇರೆ ತೊಂದರೆಗಳಿವೆ. ಬೈಕ್ ಅಗಲವಾಗುತ್ತದೆ, ಪೇಟೆಯ ಟ್ರಾಫಿಕ್ಕಿನಲ್ಲಿ ಬಾಕ್ಸ್ ಮೊದಲು ತಾಗುತ್ತದೆ. ಕೆಸರಿನಲ್ಲಿ ಜಾರಿ ಕಾಲು ಊರಿದಾಗ ಬಾಕ್ಸಿನ ಅಂಚು ಮೀನಖಂಡಕ್ಕೆ ಬಡಿಯುತ್ತದೆ, ಬೈಕ್ ಬಿದ್ದರೆ ಕಾಲು ಅದರ ಕೆಳಗೆ ಸಿಕ್ಕಿಕೊಳ್ಳಬಹುದು. ಕಚ್ಚಾ ರಸ್ತೆಗೆ ಹೋಗುವವರು ಬಟ್ಟೆಯ ಬ್ಯಾಗನ್ನೇ ಇಷ್ಟಪಡುವುದು ಇದಕ್ಕೇ. ಡಾಂಬರು ರಸ್ತೆಯಲ್ಲೇ ಹೋಗಿ ಬರುವವರಾದರೆ ಬಾಕ್ಸ್ ಒಳ್ಳೆಯದು. ಕೀಲಿಯ ಮೇಲಿನ ನಂಬರನ್ನು ಮನೆಯಲ್ಲಿ ಬರೆದಿಡಿ.

ಏರ್‌ಟ್ಯಾಗ್ ಹಾಕಿದರೆ ಸಿಗುತ್ತದಾ?

ಪೇಟೆಯಲ್ಲಿ ಸಿಗಬಹುದು. ಏರ್‌ಟ್ಯಾಗ್ ಅಂದರೆ ವಸ್ತು ಎಲ್ಲಿದೆ ಅಂತ ಫೋನಿನಲ್ಲಿ ತೋರಿಸುವ, ಆಪಲ್ ಕಂಪನಿಯ ಪುಟ್ಟ ಬಿಲ್ಲೆ. ಅದರಲ್ಲಿ ಜಿಪಿಎಸ್ ಇಲ್ಲ. ಹತ್ತಿರ ಹಾದುಹೋಗುವ ಐಫೋನುಗಳು ಅದರ ಬ್ಲೂಟೂತ್ ಸಂಕೇತ ಹಿಡಿದು ಜಾಗ ತಿಳಿಸುತ್ತವೆ. ಕುದುರೆಮುಖದ ಕಾಡಿನ ದಾರಿಯಲ್ಲಿ ಐಫೋನ್ ಎಲ್ಲಿಂದ ಬರಬೇಕು? ಇನ್ನೊಂದು, ಅಪರಿಚಿತ ಟ್ಯಾಗ್ ಜತೆಯಲ್ಲೇ ಬರುತ್ತಿದ್ದರೆ ಒಯ್ದವರ ಫೋನಿಗೂ ಎಚ್ಚರಿಕೆ ಹೋಗುತ್ತದೆ. ಒಂದು ಇಟ್ಟರೆ ನಷ್ಟವಿಲ್ಲ, ಸಿಆರ್2032 ಸೆಲ್ ವರ್ಷಕ್ಕೊಮ್ಮೆ ಬದಲಿಸಿ. ಬ್ಯಾಗ್ ಎಲ್ಲಿದೆ ಅಂತ ತೋರಿಸಿದರೆ ಒಬ್ಬರೇ ಹುಡುಕಿಕೊಂಡು ಹೋಗಬೇಡಿ, ಪೊಲೀಸರ ಜತೆ ಹೋಗಿ.

ಸ್ಯಾಡಲ್ ಬ್ಯಾಗಿನಲ್ಲಿ ಏನನ್ನು ಇಡಲೇಬಾರದು?

ಕಳೆದರೆ ಪ್ರಯಾಣ ಅಲ್ಲೇ ನಿಲ್ಲುವಂಥದ್ದನ್ನು. ದುಡ್ಡು, ಫೋನ್, ಕ್ಯಾಮೆರಾ, ಬೈಕಿನ ಎರಡನೇ ಕೀಲಿ, ದಿನಾ ತೆಗೆದುಕೊಳ್ಳುವ ಮಾತ್ರೆ. ಇವೆಲ್ಲ ಮೈಮೇಲಿನ ಚಿಕ್ಕ ಬ್ಯಾಗಿನಲ್ಲಿರಲಿ. ಆರ್‌ಸಿ, ಡಿಎಲ್ ಮೂಲ ಪ್ರತಿ ಹೊತ್ತು ತಿರುಗುವ ಅಗತ್ಯವಿಲ್ಲ. ಡಿಜಿಲಾಕರಿನಲ್ಲಿ ತೋರಿಸಿದರೆ ನಡೆಯುತ್ತದೆ. ನೆಟ್‌ವರ್ಕ್ ಇಲ್ಲದ ಕಡೆಗೆ ಹೋಗುವ ಮುಂಚೆ ಫೋನಿಗೆ ಇಳಿಸಿಕೊಳ್ಳಿ.

ಬ್ಯಾಗ್ ಕಳುವಾದರೆ ಬೈಕಿನ ವಿಮೆಯಲ್ಲಿ ದುಡ್ಡು ಬರುತ್ತದಾ?

ಬರುವುದಿಲ್ಲ, ಇದನ್ನು ಮೊದಲೇ ತಿಳಿದಿರಿ. ನಮ್ಮ ದ್ವಿಚಕ್ರ ವಾಹನದ ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಒಂದು ಸಾಲು ಇರುತ್ತದೆ: ಬೈಕಿನ ಜತೆಗೇ ಕಳುವಾದರೆ ಮಾತ್ರ ಆಕ್ಸೆಸರಿಗಳಿಗೆ ಪರಿಹಾರ. ಬರೀ ಬಾಕ್ಸ್ ಹೋದರೆ, ಬೈಕ್ ನಿಂತಲ್ಲೇ ಇದ್ದರೆ ಏನೂ ಇಲ್ಲ. ಒಳಗಿನ ಬಟ್ಟೆ, ಲ್ಯಾಪ್‌ಟಾಪ್ ಬೈಕಿನ ಪಾಲಿಸಿಗೆ ಸಂಬಂಧವೇ ಇಲ್ಲ. ಲ್ಯಾಪ್‌ಟಾಪ್, ಕ್ಯಾಮೆರಾ ಒಯ್ಯುವವರು ಪ್ರಯಾಣ ವಿಮೆ ಅಥವಾ ಆ ವಸ್ತುವಿನದ್ದೇ ವಿಮೆ ಮಾಡಿಸಬೇಕು. ಅದರಲ್ಲೂ ಬೀಗ ಹಾಕದೆ ಬಿಟ್ಟಿದ್ದರೆ ಕೊಡುವುದಿಲ್ಲ ಅನ್ನುವ ಷರತ್ತು ಇದೆಯಾ ಅಂತ ಓದಿ.

ಕಳುವಾದದ್ದು ಗೊತ್ತಾದ ತಕ್ಷಣ ಏನು ಮಾಡಬೇಕು?

ಮೊದಲು ಅಲ್ಲೇ ನೂರು ಹೆಜ್ಜೆ ಸುತ್ತ ನೋಡಿ. ದುಡ್ಡು ಹುಡುಕಿ ಉಳಿದದ್ದನ್ನು ಪೊದೆಗೋ ಚರಂಡಿಗೋ ಎಸೆದು ಹೋಗುವುದುಂಟು. ಹೋಟೆಲ್, ಪೆಟ್ರೋಲ್ ಬಂಕಿನ ಕ್ಯಾಮೆರಾ ಇದ್ದರೆ ಅವತ್ತೇ ಕೇಳಿ. ದಿನ ಕಳೆದಂತೆ ಹಳೆಯ ರೆಕಾರ್ಡಿಂಗ್ ಅಳಿಸಿಹೋಗುತ್ತದೆ.

ಆಮೇಲೆ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಠಾಣೆಗೆ ಹೋಗಿ. 2024ರ ಜುಲೈ 1ರಿಂದ ಕಳ್ಳತನ ಭಾರತೀಯ ನ್ಯಾಯ ಸಂಹಿತೆಯ ಕಲಂ 303ರಲ್ಲಿ ಬರುತ್ತದೆ, ಹಿಂದೆ ಐಪಿಸಿ 379 ಇತ್ತು. ಕಳುವಾದ ಊರು ದಾಟಿ ಬಂದಿದ್ದರೂ ಪರವಾಗಿಲ್ಲ. ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಕೊಡಬಹುದು, ಅದನ್ನು ಸಂಬಂಧಪಟ್ಟ ಠಾಣೆಗೆ ಅವರೇ ಕಳಿಸುತ್ತಾರೆ. ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೇವೆ ಕಳೆದುಹೋದ ವಸ್ತುಗಳಿಗೆ, ಕಳ್ಳತನಕ್ಕಲ್ಲ. ಎರಡನ್ನೂ ಬೆರೆಸಬೇಡಿ, ಮುಂದೆ ವಿಮೆ ಕೇಳುವಾಗ ತೊಂದರೆಯಾಗುತ್ತದೆ. ಫೋನೂ ಹೋಗಿದ್ದರೆ ಕೇಂದ್ರ ಸರ್ಕಾರದ ಜಾಲತಾಣವಾದ ಸಂಚಾರ್ ಸಾಥಿಯ ಸಿಇಐಆರ್‌ನಲ್ಲಿ ಬ್ಲಾಕ್ ಮಾಡಿಸಿ. ದೂರಿನ ಪ್ರತಿ, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ಬೇಕು.

ಹೊರಡುವ ಮುಂಚೆ ಬ್ಯಾಗಿನ ಸಾಮಾನನ್ನೆಲ್ಲ ಹಾಸಿಗೆಯ ಮೇಲೆ ಹರಡಿ ಒಂದು ಫೋಟೋ ತೆಗೆದಿಟ್ಟಿದ್ದರೆ ದೂರು ಬರೆಯುವಾಗ ಬಹಳ ಅನುಕೂಲ.

ಬೈಕನ್ನು ರೈಲಿನಲ್ಲಿ ಕಳಿಸುವಾಗ ಬ್ಯಾಗ್ ಕಟ್ಟಿಯೇ ಕಳಿಸಬಹುದಾ?

ಬೇಡ. ಲಡಾಖಿಗೆ ಹೋಗುವವರು ಯಶವಂತಪುರದಿಂದ ಬೈಕ್ ಪಾರ್ಸೆಲ್ ಹಾಕುತ್ತಾರೆ. ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿ, ಗೋಣಿ ಸುತ್ತಿ ಕಳಿಸುತ್ತಾರೆ. ದಾರಿಯಲ್ಲಿ ಅದನ್ನು ಎಷ್ಟು ಸಲ ಇಳಿಸಿ ಹತ್ತಿಸುತ್ತಾರೋ ಗೊತ್ತಿರುವುದಿಲ್ಲ. ಬ್ಯಾಗ್ ನಿಮ್ಮ ಜತೆ ಬರಲಿ. ಸ್ಟೇ ಬೈಕಿನಲ್ಲೇ ಇರಲಿ. ಅಲ್ಲಿ ಇಳಿಸಿಕೊಂಡ ಮೇಲೆ ಮೊದಲು ಸ್ಟೇಯ ಬೋಲ್ಟುಗಳ ಮೇಲೆ ಎಳೆದ ಪೇಂಟ್ ಗೆರೆ ನೋಡಿ. ಪಾರ್ಸೆಲ್ ಎತ್ತುವಾಗ ಕೈ ಹಾಕುವುದು ಆ ಕಂಬಿಗೇ, ಹಾಗಾಗಿ ಬಾಗಿರುವುದೂ ಉಂಟು. ಬಾಗಿದ್ದರೆ ಅಲ್ಲೇ ನೇರ ಮಾಡಿಸಿ, ಸೈಲೆನ್ಸರಿನ ಸಂದಿಗೆ ಅಂಗೈ ತೂರಿಸಿ ನೋಡಿ, ಆಮೇಲೆ ಬ್ಯಾಗ್ ಕಟ್ಟಿ.

ವಾರದ ದಿನಗಳಲ್ಲಿ ಆಫೀಸಿಗೆ ಹೋಗುವಾಗಲೂ ಬ್ಯಾಗ್ ಹಾಗೇ ಬಿಡಬಹುದಾ?

ಬಿಚ್ಚಿ ಇಡಿ. ಬಿಸಿಲು ಪಟ್ಟಿಯ ನೂಲನ್ನು ತಿನ್ನುತ್ತದೆ. ದಿನಾ ಒಂದೇ ಜಾಗದಲ್ಲಿ ನಿಲ್ಲುವ ಬೈಕಿನ ಬ್ಯಾಗನ್ನು ಯಾರು ಬೇಕಾದರೂ ನಾಲ್ಕು ದಿನ ನೋಡಿಟ್ಟುಕೊಳ್ಳಬಹುದು. ಬಿಚ್ಚಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಹೊಲಿಗೆ ಬಿಟ್ಟಿರುವ ಕಡೆ ಚಪ್ಪಲಿ ಹೊಲಿಯುವವರ ಹತ್ತಿರ ದಪ್ಪ ದಾರದಲ್ಲಿ ಎರಡು ಸಾಲು ಹಾಕಿಸಿ. ಪಟ್ಟಿ ಬ್ಯಾಗಿಗೆ ಸೇರುವ ಜಾಗದಲ್ಲಿ ಮೊದಲು ನೋಡಿ, ಹೊಲಿಗೆ ಬಿಡುವುದು ಅಲ್ಲಿಂದಲೇ.